ರವಿವಾರದ ಪಾದ ತಪಾಸಣೆ

ಸ್ನಾನ ಮಾಡಿ ಬಂದ ಮೇಲೆ ನಾನು ಕಾಲು ಒರೆಸಿಕೊಳ್ಳುವುದಿಲ್ಲ. ಇದು ಹಳೆಯ ಚಟ, ಈ ವಯಸ್ಸಿಗೆ ಕೆಟ್ಟ ಚಟ. ವಿದ್ಯಾಗಿರಿಯ ಈ ಮನೆಯಲ್ಲಿ ಬಚ್ಚಲ ಬಾಗಿಲಿಗೆ ಸೊಸೆ ಮೂರು ಥರದ ಕಾಲೊರಸು ತಂದು ಹಾಸಿ ನೋಡಿದಳು. ಮೂರನ್ನೂ ದಾಟಿಯೇ ಬಂದೆ. ನಾಲ್ಕು ಹೆಜ್ಜೆ ನಡೆದು, ಹಿಂದಿರುಗಿ ನಿಂತು, ನೆಲದ ಮೇಲೆ ನನ್ನವೇ ಒದ್ದೆ ಹೆಜ್ಜೆಗಳು ಆರುವುದನ್ನು ನೋಡುತ್ತೇನೆ. "ಜಾರಿ ಬಿದ್ದು ಸೊಂಟ ಮುರಕೊಂಡ್ರ ಮುಂದ ಮಲಕೊಂಡ ನೋಡೂದಾಗತೈತಿ ಅತ್ತಿ, ಎಲ್ಲಾ" ಎಂದು ಅಡುಗೆಮನೆಯಿಂದ ಅವಳ ಧ್ವನಿ ಬರುತ್ತದೆ. ಅವಳ ಮಾತು ಖರೆ. ಆದರೆ ಅಷ್ಟರಲ್ಲಿ ಹಿಮ್ಮಡದ ಅಂಚು ಒಳಗೆ ಸರಿಯತೊಡಗಿರುತ್ತದೆ. ಕಿರುಬೆರಳು ಇದ್ದ ಜಾಗದಲ್ಲಿ ಬರೀ ನೆಲ. ಒಮ್ಮೊಮ್ಮೆ ಹೆಬ್ಬೆರಳೊಂದೇ ಬಹಳ ಹೊತ್ತು ಉಳಿದು, ಯಾರೋ ನೆಲಕ್ಕೆ ಇಟ್ಟ ಬೊಟ್ಟಿನಂತೆ ಕಾಣುತ್ತದೆ. ಯಾವುದು ಮೊದಲು ಹೋಗುತ್ತದೆ, ಯಾವುದು ಕೊನೆಗೆ ಉಳಿಯುತ್ತದೆ ಎಂಬುದಕ್ಕೆ ನಿಯಮವಿದೆಯೇ ಎಂದು ಅರವತ್ತು ವರ್ಷಗಳಿಂದ ನೋಡುತ್ತಿದ್ದೇನೆ. ಇನ್ನೂ ಸಿಕ್ಕಿಲ್ಲ.

ಈ ವಾರ ಈ ಚಟ ಇನ್ನಷ್ಟು ಹೆಚ್ಚಾಗಿದೆ. ಅದಕ್ಕೆ ಕಾರಣ ನನ್ನ ತಮ್ಮನ ಮಗ. ಅವನು ನಮ್ಮ ಮನೆತನದ ಬಗ್ಗೆ ಒಂದು ಪುಸ್ತಿಕೆ ಮಾಡಿಸುತ್ತಿದ್ದಾನೆ. ಫೋನು ಮಾಡಿ, "ಅತ್ತೀ, ಮಿಲಿಟರಿ ಅಜ್ಜನ ಬಗ್ಗೆ ನಾಕ ಸಾಲ ನೀವ ಬರದ ಕೊಡ್ರಿ. ಹುಟ್ಟಿದ್ದು, ಭರ್ತಿ ಆಗಿದ್ದು, ಎಲ್ಲೆಲ್ಲಿ ಯುದ್ಧ ಮಾಡಿದ್ರು, ಏನೇನ ಪದಕ ಬಂತು, ಅಷ್ಟ ಸಾಕು" ಎಂದ. ಬಹಳ ಮರ್ಯಾದೆಯ ಹುಡುಗ, ಬಹಳ ಅಚ್ಚುಕಟ್ಟಿನ ಹುಡುಗ. ನಾನು ಕಾಗದ ತೆಗೆದುಕೊಂಡು ಕುಳಿತೆ. "ನಮ್ಮ ತಂದೆ ಹವಾಲ್ದಾರ ಸಿದ್ದಪ್ಪನವರು" ಎಂದು ಬರೆದೆ. ಮುಂದೆ ಹೋಗಲಿಲ್ಲ. ಹುಟ್ಟಿದ ವರ್ಷ ಅವನಿಗೇ ಗೊತ್ತಿರಲಿಲ್ಲ. ಭರ್ತಿಯಾಗುವಾಗ ಸಾಹೇಬ ಅಂದಾಜಿನಿಂದ ಬರೆದುಕೊಂಡ ವಯಸ್ಸನ್ನೇ ಅವನು ಕೊನೆಯತನಕ ಸಾಕಿಕೊಂಡು ಬಂದ. ಯುದ್ಧದ ಬಗ್ಗೆ ಕೇಳಿದರೆ ಹೇಳುತ್ತಿರಲಿಲ್ಲ. ಪದಕ ಎರಡಿದ್ದವು. ಒಂದನ್ನು ಅವ್ವ ತಮ್ಮನ ತೊಟ್ಟಿಲಿಗೆ ಕಟ್ಟಿದ್ದಳು, ಅದು ಹೊಳೆಯುತ್ತ ತೂಗುವುದನ್ನು ನೋಡಿ ಅವನು ಅಳು ನಿಲ್ಲಿಸುತ್ತಿದ್ದ. ಇನ್ನೊಂದು ಎಲ್ಲಿ ಹೋಯಿತೋ ತಿಳಿಯದು. ಇಷ್ಟೇ ಬರೆದು ಕೊಟ್ಟರೆ ಹುಡುಗ ಬೇಜಾರಾದಾನು.

ಖರೆ ಹೇಳಬೇಕೆಂದರೆ ನನ್ನ ಬಳಿ ಇರುವುದು ಅಪ್ಪನ ಚರಿತ್ರೆಯಲ್ಲ, ಬರೀ ಕಾಲುಗಳು. ಅವನು ನೋಡಿದ ಕಾಲುಗಳು.

ಅಪ್ಪ ದಂಡಿನಿಂದ ವಾಪಸು ಬಂದಾಗ ನನಗೆ ಏಳು ವರ್ಷವೋ ಎಂಟೋ. ಅವನು ಹೋದಾಗ ನಾನು ತೆವಳುತ್ತಿದ್ದೆನಂತೆ. ಹುನಗುಂದದ ಹತ್ತಿರದ ನಮ್ಮ ಹಳ್ಳಿಯಲ್ಲಿ, ಕುರಿಹಟ್ಟಿಯ ಪಕ್ಕದಲ್ಲಿ, ಖಾಕಿ ಬಟ್ಟೆಯ ಒಬ್ಬ ಮನುಷ್ಯ ಟ್ರಂಕು ಇಳಿಸಿ ನಿಂತಿದ್ದ. ಎಲ್ಲರೂ ಅಳುತ್ತಿದ್ದರು. ಅವನು ನನ್ನನ್ನು ಎತ್ತಿಕೊಳ್ಳಲಿಲ್ಲ, ಹೆಸರು ಕೇಳಲಿಲ್ಲ. "ಈಕಿ ಯಾಕ ಕುಂಟಾಕತ್ತಾಳ?" ಎಂದ. ಅಲ್ಲಿಯೇ ಮಣ್ಣಿನಲ್ಲಿ ಕೂತು, ನನ್ನ ಕಾಲು ತೊಡೆಯ ಮೇಲಿಟ್ಟುಕೊಂಡು, ಅಂಗಿಯ ಪಿನ್ನು ಬಿಚ್ಚಿ, ಜಾಲಿಮುಳ್ಳು ತೆಗೆದ. ಮುಳ್ಳು ಹೊರಬಂದ ಮೇಲೆ ಅದನ್ನು ನನ್ನ ಅಂಗೈಯಲ್ಲಿಟ್ಟು, ದೊಡ್ಡ ಗೆಲುವಿನ ಮೇಲೆ ಕೊಡುವ ಬಹುಮಾನವೆಂಬಂತೆ ಬೆರಳು ಮುಚ್ಚಿದ. ಇದು ನನಗೆ ಎಷ್ಟು ಸ್ಪಷ್ಟವಾಗಿ ನೆನಪಿದೆಯೆಂದರೆ ಅದೇ ಅನುಮಾನಕ್ಕೆ ಕಾರಣ. ಅವ್ವ ಸಾಯುವತನಕ ಹೇಳುತ್ತಿದ್ದಳು: ಆ ದಿನ ನಾನು ಕುಂಟುತ್ತಿರಲೇ ಇಲ್ಲ, ಜ್ವರ ಬಂದು ಒಳಗೆ ಮಲಗಿದ್ದೆ. ಹಾಗಾದರೆ ಮುಳ್ಳು ಯಾರದು? ಅಂಗೈಯಲ್ಲಿ ಈಗಲೂ ಚುಚ್ಚುವುದು ಏನು? ನೆನಪು ಹೀಗೆ ನೀಟಾಗಿ ಬಂದು ಎದುರಿಗೆ ಕೂತಾಗ ನನಗೆ ಹೆದರಿಕೆಯಾಗುತ್ತದೆ. ಒಳ್ಳೆಯ ಬಟ್ಟೆ ಹಾಕಿಕೊಂಡು ಬಂದ ಅಪರಿಚಿತನನ್ನು ನೋಡಿದ ಹಾಗೆ.

ಬಂದ ಒಂದೆರಡು ವರ್ಷದಲ್ಲಿ ಅಪ್ಪನಿಗೆ ಇಳಕಲ್ಲಿನಲ್ಲಿ ನೇಕಾರರ ಸಂಘದ ಗೋದಾಮಿನ ಕಾವಲು ಕೆಲಸ ಸಿಕ್ಕಿತು. ನಾವೆಲ್ಲ ಅಲ್ಲಿಗೆ ಬಂದೆವು: ಅಪ್ಪ, ಅವ್ವ, ಅಪ್ಪನ ತಾಯಿ ಆಯಿ, ನಾನು, ಹೊಸದಾಗಿ ಹುಟ್ಟಿದ ತಮ್ಮ ಬೀರೂ. ಪರಸಿ ಕಲ್ಲು ಹಾಸಿದ ಸಣ್ಣ ಪಡಸಾಲೆ, ಅದರ ಮುಂದೊಂದು ಕಟ್ಟೆ. ಓಣಿಯ ತುಂಬ ಮಗ್ಗದ ಸಪ್ಪಳ. ಆ ಸಪ್ಪಳಕ್ಕೆ ಹೊಂದಿಕೊಂಡೇ ನಾವು ಮಾತಾಡುವುದನ್ನು ಕಲಿತೆವು, ಲಾಳಿ ಆ ಕಡೆ ಹೋದಾಗ ಒಂದು ಮಾತು, ಈ ಕಡೆ ಬಂದಾಗ ಒಂದು ಮಾತು.

ರವಿವಾರ ಮಗ್ಗ ನಿಂತಿರಲಿ ಬಿಡಲಿ, ನಮ್ಮ ಮನೆಯಲ್ಲಿ ತಪಾಸಣೆ ನಿಲ್ಲುತ್ತಿರಲಿಲ್ಲ. ಬೆಳಿಗ್ಗೆ ಬಿಸಿಲು ಕಟ್ಟೆಗೆ ಬರುವ ಹೊತ್ತಿಗೆ ಅಪ್ಪ ಟ್ರಂಕಿನಿಂದ ಒಂದು ಖಾಕಿ ಟವೆಲ್ಲು ತೆಗೆದು ನಾಲ್ಕು ಮೂಲೆ ಎಳೆದು ಹಾಸುತ್ತಿದ್ದ. ಪಕ್ಕದಲ್ಲಿ ಔಡಲೆಣ್ಣೆಯ ಬಟ್ಟಲು, ಒಂದು ಪಿನ್ನು, ಪಟಿಕದ ತುಂಡು, ಒರಟು ಕಲ್ಲು. ದಂಡಿನಲ್ಲಿ ಸಾಹೇಬರು ವಾರಕ್ಕೊಮ್ಮೆ ಸಿಪಾಯಿಗಳನ್ನು ಸಾಲಾಗಿ ಕೂರಿಸಿ ಎಲ್ಲರ ಪಾದ ನೋಡುತ್ತಿದ್ದರಂತೆ. ಬಂದೂಕು ಕೆಟ್ಟರೆ ಇನ್ನೊಂದು ಕೊಡಬಹುದು, ಕಾಲು ಕೆಟ್ಟರೆ ಸಿಪಾಯಿಯೇ ಇಲ್ಲ. ಆ ಒಂದು ಪದ್ಧತಿಯನ್ನು ಮಾತ್ರ ಅಪ್ಪ ಬರ್ಮಾದಿಂದ ನಮಗಾಗಿ ತಂದಿದ್ದ. ಬೇರೆಯವರ ಅಪ್ಪಂದಿರು ರೇಡಿಯೋ ತಂದಿದ್ದರು.

ಮೊದಲು ಆಯಿ. ಕುರಿಯ ಹಿಂದೆ ಜನ್ಮವೆಲ್ಲ ನಡೆದ ಕಾಲು, ಹಿಮ್ಮಡದ ಬಿರುಕಿನಲ್ಲಿ ಜೋಳದ ಕಾಳು ಹೋಗುವಷ್ಟು ಜಾಗ. "ಬಿಡೋ, ಸುಡಗಾಡಿಗಿ ಹೋಗೂ ಕಾಲಿಗಿ ಎಣ್ಣಿ ಯಾಕ" ಎನ್ನುತ್ತಲೇ ಎಲ್ಲರಿಗಿಂತ ಮೊದಲು ಬಂದು ಕೂತಿರುತ್ತಿದ್ದಳು. ಆಮೇಲೆ ಬೀರೂ, ಅವನಿಗೆ ಕಚಗುಳಿ. ಆಮೇಲೆ ನಾನು. ಬೆರಳುಗಳ ಸಂದಿಯನ್ನು ಒಂದೊಂದಾಗಿ ಬಿಡಿಸಿ ನೋಡಿ, ಉಗುರು ನೋಡಿ, ಕೊನೆಗೆ ಹೆಬ್ಬೆರಳನ್ನು ಒಮ್ಮೆ ಹಿಡಿದು ಬಿಡುತ್ತಿದ್ದ. ಅದರರ್ಥ ಪಾಸು.

ಕಡೆಯದು ಅವ್ವನ ಸರದಿ. ಅದು ಕಟ್ಟೆಯ ಮೇಲೆ ಆಗುತ್ತಿರಲಿಲ್ಲ. ಹೆಂಡತಿಯ ಕಾಲನ್ನು ಗಂಡ ತೊಡೆಯ ಮೇಲಿಟ್ಟುಕೊಂಡದ್ದನ್ನು ಓಣಿಯವರು ಕಂಡರೆ ಮುಗಿಯಿತು, ನೀರಿಗೆ ಹೋದಲ್ಲೆಲ್ಲ ಅದೇ ಮಾತು. ಅದಕ್ಕೇ ಒಳಗೆ, ಬಾಗಿಲು ಮುಂದೆ ಮಾಡಿಕೊಂಡು. ನಾವು ಹೊರಗೆ ಕೂತು ಕೇಳುತ್ತಿದ್ದೆವು.

"ಬ್ಯಾಡ್ರಿ, ಪಾಪ ಹತ್ತತೈತಿ."

"ಪಾಪ ಹತ್ತಿದ್ರ ಅದನ್ನೂ ಪಿನ್ನಲೇ ತಗೀತೇನಿ. ಕಾಲ ಮುಂದ ಮಾಡು."

ತಪಾಸಣೆ ಮುಗಿದ ಕೂಡಲೇ ಅವ್ವ ಎದ್ದು ಅಪ್ಪನ ಕಾಲು ಮುಟ್ಟಿ ನಮಸ್ಕಾರ ಮಾಡುತ್ತಿದ್ದಳು. ಅಂದರೆ ಹತ್ತಿದ ಪಾಪವನ್ನು ಅಲ್ಲಿಗಲ್ಲಿಗೇ ತೀರಿಸಿಬಿಡುತ್ತಿದ್ದಳು. ವಾರಕ್ಕೊಂದು ಪಾಪ, ವಾರಕ್ಕೊಂದು ಪರಿಹಾರ. ನಾನು ಕಂಡ ದಾಂಪತ್ಯಗಳಲ್ಲೆಲ್ಲ ಇಷ್ಟು ಸಮನಾಗಿ ತೂಗಿದ್ದು ಇದೊಂದೇ.

ಒಂದು ಮಾತು ಮಾತ್ರ ನಮಗೆ ಯಾರಿಗೂ ಹೊಳೆದಿರಲಿಲ್ಲ. ಎಲ್ಲರ ಕಾಲು ನೋಡುವ ಅಪ್ಪನ ಅಂಗಾಲನ್ನು ಯಾರೂ ನೋಡಿದ್ದಿಲ್ಲ. ಅವನು ಹಿತ್ತಲಲ್ಲಿ ಒಬ್ಬನೇ ಕಾಲು ತೊಳೆದುಕೊಂಡು, ಅಲ್ಲಿಯೇ ಒರೆಸಿಕೊಂಡು, ಚಪ್ಪಲಿ ಮೆಟ್ಟಿಕೊಂಡೇ ಒಳಗೆ ಬರುತ್ತಿದ್ದ. ಸಾಹೇಬನ ಪಾದ ತಪಾಸಣೆ ಮಾಡುವವರು ಯಾರು?

ಯುದ್ಧದ ಬಗ್ಗೆ ನಾನು ಎಷ್ಟೋ ಸಲ ಕೇಳಿದ್ದೇನೆ. "ಅಲ್ಲಿ ಏನ ನೋಡಿದಿ ಅಪ್ಪಾ?" ಅಂದರೆ, "ಮುಂದಿನಾಂವನ ಹಿಮ್ಮಡ" ಎನ್ನುತ್ತಿದ್ದ. ಕೆಸರಿನಲ್ಲಿ, ಕಾಡಿನಲ್ಲಿ, ತಲೆ ತಗ್ಗಿಸಿ, ದಿನಗಟ್ಟಲೆ. ಅವನ ಜೊತೆ ಬಿಜಾಪುರದ ಕಡೆಯ ಒಬ್ಬ ಗೆಳೆಯನಿದ್ದ. ಒದ್ದೆ ಬೂಟಿನಲ್ಲಿ ಅವನ ಕಾಲು ಕೊಳೆತವು. ಅವನು ಸಾಲಿನಲ್ಲಿ ಹಿಂದೆ ಹಿಂದೆ ಬಿದ್ದ. ಒಂದು ದಿನ ತಿರುಗಿ ನೋಡಿದಾಗ ಹಿಂದೆ ಯಾರೂ ಇರಲಿಲ್ಲ. ಇಷ್ಟನ್ನು ಅಪ್ಪ ಒಂದೇ ಸಲ ಹೇಳಿದ್ದಲ್ಲ. ಹತ್ತು ವರ್ಷದಲ್ಲಿ ಮೂರು ಅರ್ಧ ಮಾತುಗಳಾಗಿ ಹೇಳಿದ. ಆ ಅರ್ಧಗಳನ್ನು ಕೂಡಿಸಿ ಒಂದು ಮಾಡಿದವಳು ನಾನು. ಇಳಕಲ್ಲ ಸೀರೆಯಲ್ಲಿ ಒಡಲಿನ ಎಳೆಯೇ ಬೇರೆ, ಸೆರಗಿನ ಎಳೆಯೇ ಬೇರೆ. ಎರಡನ್ನೂ ಒಂದೊಂದೇ ಕೊಂಡಿ ಹಾಕಿ ಕೂಡಿಸಬೇಕು, ಕೂಡಿಸುವವರು ಹೆಂಗಸರು. ಆ ಊರಲ್ಲಿ ಬೆಳೆದ ನನ್ನ ಕೈಗೆ ಕೂಡಿಸುವ ಚಾಳಿ ಬಂದಿದ್ದರೆ ಆಶ್ಚರ್ಯವಿಲ್ಲ. ಓದುವವರು ಎಚ್ಚರದಿಂದಿರಬೇಕು, ಅಷ್ಟೇ.

ಒಮ್ಮೆ ನಮ್ಮನ್ನೆಲ್ಲ ಬಾದಾಮಿಗೆ ಕರೆದುಕೊಂಡು ಹೋಗಿದ್ದ. ಮೆಟ್ಟಿಲು ಹತ್ತಿ ಗುಹೆಯೊಳಗೆ ಹೋದರೆ ಗೋಡೆಯ ಮೇಲೆ ತ್ರಿವಿಕ್ರಮ, ಒಂದು ಕಾಲನ್ನು ಆಕಾಶಕ್ಕೆ ಎತ್ತಿ ನಿಂತವನು. ಎಲ್ಲರೂ ಮುಖ ನೋಡಿ ಕೈ ಮುಗಿದರೆ ಅಪ್ಪ ಎತ್ತಿದ ಕಾಲಿನ ಕೆಳಗೆ ಬಗ್ಗಿ ನಿಂತು ನೋಡುತ್ತಿದ್ದ. ಸಾಮುದ್ರಿಕ ಶಾಸ್ತ್ರ ಬಲ್ಲವರು ಒಳ್ಳೆಯ ಪಾದ ಆಮೆಯ ಬೆನ್ನಿನ ಹಾಗೆ ಮೇಲೆ ಉಬ್ಬಿರಬೇಕು ಅನ್ನುತ್ತಾರೆ. ಕೆಳಗೆ ಹೇಗಿರಬೇಕೆಂದು ಅವರು ಹೆಚ್ಚು ತಲೆ ಕೆಡಿಸಿಕೊಂಡಂತೆ ಕಾಣೆ. ದೇವರ ಅಂಗಾಲನ್ನು ಕೆತ್ತಿದವನಿಗೂ ಅದು ನೆಲಕ್ಕೆ ತಾಗುವ ಜಾಗವೆಂಬ ಚಿಂತೆ ಇದ್ದಿರಲಾರದು. ಅಪ್ಪ ಬಹಳ ಹೊತ್ತು ನೋಡಿ, "ಇಂವಾ ಮೂರ ಹೆಜ್ಜಿ ಇಟ್ಟಾನ ಅಷ್ಟ. ನಾಕನೇದ್ದಕ್ಕ ಗೊತ್ತಾಗತಿತ್ತು" ಎಂದ. ಆಯಿ ಗಲ್ಲ ಗಲ್ಲ ಬಡಿದುಕೊಂಡಳು. ಅವನ ತಪ್ಪಿಗೂ ಸೇರಿಸಿ.

ಈಗ ನನ್ನ ಮದುವೆಯ ವಿಷಯಕ್ಕೆ ಬರಬೇಕು. ಅಪ್ಪನ ಬಗ್ಗೆ ಬರೆಯಲು ಕೂತು ನನ್ನ ಮದುವೆ ಹೇಳುವುದು ಸರಿಯೇ ಎಂದು ನೀವು ಕೇಳಬಹುದು. ಆದರೆ ಅವನು ಸೋತ ಒಂದೇ ಯುದ್ಧ ಅದು, ಬರೆಯಲೇಬೇಕು.

ಐವತ್ತರ ದಶಕದ ನಡುವಿನ ಮಾತು, ನಾವಿನ್ನೂ ಮುಂಬಯಿ ರಾಜ್ಯದವರು. ಕನ್ನಡ ಶಾಲೆಯ ಕೊನೆಯ ಪರೀಕ್ಷೆಯಾದ ಮುಲ್ಕಿಗೆ ನಾನು ಹುನಗುಂದಕ್ಕೆ ಹೋಗಿದ್ದೆ. ಮೂರನೆಯ ದಿನ, ಭೂಗೋಳದ ನಡುವೆ, ನನ್ನ ಮಸಿಕುಡಿಕೆ ಉರುಳಿತು. ಮೇಲ್ವಿಚಾರಣೆಗೆ ಇದ್ದ ಎಳೆಯ ಮಾಸ್ತರರು ಒಂದು ಮಾತೂ ಆಡದೆ ತಮ್ಮ ದೌತಿ ತಂದು ನನ್ನ ಹಲಗೆಯ ಮೇಲಿಟ್ಟು ಹೋದರು. ತಿರುಗಿ ತೆಗೆದುಕೊಂಡು ಹೋಗಲಿಕ್ಕೂ ಬರಲಿಲ್ಲ. ಆ ದೌತಿ ನನ್ನ ಬಳಿ ಉಳಿಯಿತು. ಎರಡು ವರ್ಷದ ಮೇಲೆ, ಹುನಗುಂದದ ಅದೇ ಮಾಸ್ತರರ ಕಡೆಯವರು ಕನ್ಯಾ ನೋಡಲು ಬರುತ್ತಾರೆಂದು ಸುದ್ದಿ ಬಂದಾಗ ನಾನು ಏನೂ ಹೇಳಲಿಲ್ಲ. ಆ ಕಾಲದಲ್ಲಿ ಹುಡುಗಿಯರು ಏನೂ ಹೇಳುತ್ತಿರಲಿಲ್ಲ. ದೌತಿಯನ್ನು ತಿಕ್ಕಿ ತಿಕ್ಕಿ ತೊಳೆದಿಟ್ಟೆ. ಅವ್ವ ನೋಡಿದಳು, ಅವಳಿಗೆ ಅಷ್ಟು ಸಾಕಾಯಿತು. ಇದು ನಿಂತರೆ ನನ್ನ ಪಾಲಿಗೆ ಇನ್ನೊಂದಿಲ್ಲ ಎಂದು ಅವಳಿಗೂ ಗೊತ್ತಾಯಿತು, ನನಗೂ.

ಅವರು ಮೂವರು ಬಸ್ಸಿನಲ್ಲಿ ಬಂದರು: ಮಾಸ್ತರರು, ಅವರ ತಾಯಿ, ಅವರ ಸೋದರಮಾವ. ಮನೆಗೆ ಬಂದವರಿಗೆ ಬಾಗಿಲಲ್ಲೇ ಕಾಲಿಗೆ ನೀರು ಕೊಡುವುದು ನಮ್ಮಲ್ಲಿ ರೂಢಿ. ಅಪ್ಪ ತಾನೇ ತಂಬಿಗೆ ಹಿಡಿದು ನೀರು ಕೊಟ್ಟ. ಕಾಲು ತೊಳೆದುಕೊಂಡು ಅವರು ಪಡಸಾಲೆಯ ಪರಸಿಯ ಮೇಲೆ ನಡೆದು, ಹಾಸಿದ ಕಂಬಳಿಯ ಮೇಲೆ ಕೂತರು. ಬೇರೆ ಯಾವ ಹೆಣ್ಣಿನ ತಂದೆಯಾದರೂ ಹುಡುಗನ ಮುಖ ನೋಡುತ್ತಿದ್ದ. ಅಪ್ಪ ಪರಸಿಯನ್ನು ನೋಡಿದ.

ಮಾಸ್ತರರ ಹೆಜ್ಜೆಗೆ ನಡುವೆ ಸೊಂಟವೇ ಇರಲಿಲ್ಲ. ಹಿಮ್ಮಡದಿಂದ ಬೆರಳಿನವರೆಗೆ ಪೂರ್ತಿ ತುಂಬಿದ ಒದ್ದೆ, ರೊಟ್ಟಿ ಬಡಿದು ಹಾಕಿದ ಹಾಗೆ. ಸಪಾಟು ಪಾದ. ದಂಡಿನಲ್ಲಿ ಭರ್ತಿಗೆ ಬಂದವರನ್ನು ನೀರು ಮೆಟ್ಟಿಸಿ ನಡೆಸಿ, ಇಂಥ ಹೆಜ್ಜೆ ಬಿದ್ದವರನ್ನು ಅಲ್ಲಿಂದಲೇ ಮನೆಗೆ ಕಳಿಸುತ್ತಿದ್ದರು.

ನಾನು ಒಳಗೆ ಒಗ್ಗರಣೆ ಚುರಮುರಿಯ ತಾಟು ಹಿಡಿದು, ಕರೆಯುವುದನ್ನು ಕಾಯುತ್ತ ನಿಂತಿದ್ದೆ. ಅಪ್ಪನ ಧ್ವನಿ ಕೇಳಿಸಿತು.

"ಮಾಸ್ತರ, ಇನ್ನೊಮ್ಮಿ ಕಾಲ ತೋಯಿಸ್ಕೊಂಡು ಇಲ್ಲಿಂದ ಅಲ್ಲೀತನಕ ನಡದ ಬರ್ರಿ ನೋಡೂನು."

ಸೋದರಮಾವ ನಕ್ಕರು. "ಹೆಣ್ಣ ನೋಡಾಕ ನಾವ ಬಂದೇವೋ, ಎತ್ತ ನೋಡಾಕ ನೀವ ಬಂದೀರೋ?"

ಮಾಸ್ತರರು ಮಾತ್ರ ಎದ್ದು, ಕಾಲು ತೋಯಿಸಿಕೊಂಡು, ಗೋಡೆಯಿಂದ ಗೋಡೆಗೆ ನಡೆದರಂತೆ. ಹೇಳಿದ್ದನ್ನು ಮಾಡಿಬಿಡುವ ಸ್ವಭಾವ ಅವರದು ಆಗಿನಿಂದಲೂ.

"ಈ ಕಾಲಿಗಿ ಹತ್ತ ಮೈಲಿ ನಡಿಯೂದು ಆಗೂದಿಲ್ರಿ" ಎಂದ ಅಪ್ಪ. ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಸತ್ತ ಸುದ್ದಿ ಹೇಳುವವರ ಹಾಗಿತ್ತು.

"ಅಂವ ಸಾಲಿ ಮಾಸ್ತರ ಅದಾನ್ರಿ ಹವಾಲ್ದಾರ್ರ. ಬೋರ್ಡಿನ ಮುಂದ ಆ ಕಡಿ ಮೂರ ಹೆಜ್ಜಿ, ಈ ಕಡಿ ಮೂರ ಹೆಜ್ಜಿ. ಹತ್ತ ಮೈಲಿ ಎಲ್ಲಿಗಿ ಹೋಗಬೇಕು ಅಂವಾ?"

"ಹೇಳಾಕ ಬರೂದಿಲ್ಲ."

ತಾಯಿ ಎದ್ದರು. "ನಡಿ ಅಣ್ಣ. ಕಾಲಿಗಿ ಹೆಣ್ಣ ಕೊಡವರ ಮನ್ಯಾಗ ನಮಗೇನ ಕೆಲಸ" ಎಂದರು. ನಾನು ತಾಟು ಹಿಡಿದು ಹೊರಗೆ ಬಂದಾಗ ಕಂಬಳಿಯ ಮೇಲೆ ಯಾರೂ ಇರಲಿಲ್ಲ. ಅಪ್ಪ ತಂಬಿಗೆ ಹಿಡಿದು ಬಾಗಿಲಲ್ಲಿ ಬೆನ್ನು ತಿರುಗಿಸಿ ನಿಂತಿದ್ದ. ಪರಸಿಯ ಮೇಲೆ, ಗೋಡೆಯಿಂದ ಗೋಡೆಗೆ, ಒಂದು ಸಾಲು ತುಂಬಿದ ಹೆಜ್ಜೆಗಳು. ಬಿಸಿಲ ಹೊತ್ತು. ನಾನು ನೋಡುತ್ತಿದ್ದ ಹಾಗೆಯೇ ಮೊದಲಿನವು ಆರಿದವು, ನಡುವಿನವು ತೆಳುವಾದವು. ಬಾಗಿಲ ಹತ್ತಿರದ ಒಂದು ಮಾತ್ರ ಉಳಿಯಿತು. ಆ ಒಂದು ಹೆಜ್ಜೆ ಆರುವತನಕ ನಾನು ತಾಟು ಕೆಳಗಿಡಲಿಲ್ಲ. ನನ್ನನ್ನು ನೋಡಲು ಬಂದವರ ಪೈಕಿ ನನಗೆ ಕಂಡದ್ದು ಅದೊಂದೇ. ಬಚ್ಚಲಿಂದ ಬಂದು ನೆಲ ನೋಡುತ್ತ ನಿಲ್ಲುವ ಚಟ ಎಲ್ಲಿಂದ ಬಂತೆಂದು ಸೊಸೆಗೆ ಹೇಗೆ ಹೇಳಲಿ?

ಮುಂದಿನ ರವಿವಾರ ಅವ್ವ ಕಾಲು ಕೊಡಲಿಲ್ಲ.

ಜಗಳವಿಲ್ಲ, ಮಾತಿಲ್ಲ. ಅಪ್ಪ ಟವೆಲ್ಲು ಹಾಸಿದ, ಆಯಿಯದಾಯಿತು, ಬೀರೂನದಾಯಿತು. ನನ್ನನ್ನು ಕರೆದ. ನಾನು ನೀರು ತರಬೇಕೆಂದು ಕೊಡ ಎತ್ತಿಕೊಂಡೆ. ಅವ್ವನನ್ನು ಕರೆದ. "ರೊಟ್ಟಿ ಹತ್ತತಾವು" ಎಂದು ಒಲೆಯ ಮುಂದಿನಿಂದ ಉತ್ತರ ಬಂತು. ಎರಡನೆಯ ರವಿವಾರವೂ ರೊಟ್ಟಿ ಹತ್ತಿದವು. ಅವ್ವನ ಹಿಮ್ಮಡ ಬಿರಿಯತೊಡಗಿತು, ನಡೆಯುವಾಗ ಕಾಲು ಎತ್ತಿಡುತ್ತಿದ್ದಳು. ಅಪ್ಪ ನೋಡುತ್ತಿದ್ದ, ನೋಡಿ ಬೇರೆ ಕಡೆ ನೋಡುತ್ತಿದ್ದ. ಬರ್ಮಾದಲ್ಲಿ ಬಗ್ಗದವನು ಪರಸಿಯ ಮೇಲೆ ಬಗ್ಗತೊಡಗಿದ.

ಮೂರನೆಯ ರವಿವಾರ ಆಯಿಯ ಕಾಲಿಗೆ ಎಣ್ಣೆ ಹಚ್ಚುತ್ತ ಕೂತಿದ್ದಾಗ ಆಯಿ ಬಾಯಿ ಬಿಟ್ಟಳು. ನಾನು, ಅವ್ವ ಇಬ್ಬರೂ ಬಾಗಿಲ ಹಿಂದೆಯೇ ಇದ್ದೆವು.

"ಲೇ ಸಿದ್ದ್ಯಾ, ಎಲ್ಲಾರ ಕಾಲೂ ನೋಡತಿ. ನಿನ್ನವು ಯಾರ ನೋಡಬೇಕು?"

"ನನ್ನವು ಸುದ್ದ ಅದಾವ ತಗೋ."

"ಹೆತ್ತಾಕಿ ಮುಂದ ಹೇಳತಿ? ಆ ಮಾಸ್ತರಂದಕ್ಕಿಂತ ಸಪಾಟ ನಿನ್ನವು. ಹಂಚಿದ್ದಂಗ ಅದಾವು. ಕುರಿಯಾಂವಗ ಇಂಥಾ ಕಾಲ ಯಾಕ ಕೊಟ್ಟಿ ಅಂತ ಬೀರಪ್ಪಗ ಹರಕಿ ಹೊತ್ತೇನಿ ನಾನು."

ಅಪ್ಪ ಅಂಗೈಯಲ್ಲಿ ಇನ್ನಷ್ಟು ಎಣ್ಣೆ ಸುರಿದುಕೊಂಡ. ಆಮೇಲೆ ಅಪ್ಪ ಹೇಳಿದ. ಬೆಳಗಾವಿಯಲ್ಲಿ ಭರ್ತಿಯ ದಿನ ನೀರು ಮೆಟ್ಟಿಸಿ ನಡೆಸಿದಾಗ, ಯಾರೋ ಹೇಳಿಕೊಟ್ಟಿದ್ದರಂತೆ, ಬೆರಳು ಮುದುಡಿ, ಪಾದದ ಹೊರ ಅಂಚಿನ ಮೇಲೆ ಭಾರ ಹಾಕಿ ನಡೆ ಎಂದು. ಹಾಗೆಯೇ ನಡೆದ. ಹೆಜ್ಜೆಗೆ ಸೊಂಟ ಬಂತು, ಸಾಹೇಬ ಪಾಸು ಮಾಡಿದ. ಆಮೇಲಿನ ಆರು ವರ್ಷದ ಒಂದೊಂದು ಮೈಲಿಯೂ ಆ ಸುಳ್ಳಿನ ಮೇಲೆ.

"ಅದಕ್ಕ ಬ್ಯಾಡ ಅಂದೆ ಯವ್ವಾ. ಆ ನೋವ ನನಗ ಗೊತ್ತೈತಿ. ಆ ಕಾಲಿನಾಂವ ಒಂದಿನಾ ಹಿಂದ ಉಳೀತಾನ. ಹಿಂದ ಉಳದಾಂವ ಮನಿಗಿ ಬರೂದಿಲ್ಲ. ಆವಾಗ ನೀಲಿ ಏನ ಮಾಡಬೇಕು?"

ನೀಲಿ ಅಂದರೆ ನಾನು.

"ನೀ ಹೆಂಗ ಬಂದಿ?" ಎಂದಳು ಆಯಿ. "ಹಾರಿ ಬಂದೇನು? ಅವ ಕಾಲಿಲೇ ನಡಕೊಂತ ಬಂದಿಲ್ಲೇನು?"

ಬಾಗಿಲ ಸಂದಿಯಿಂದ ನನಗೆ ಅಪ್ಪನ ಕೈ ಮಾತ್ರ ಕಾಣುತ್ತಿತ್ತು. ಅಂಗೈಯಲ್ಲಿ ಸುರಿದುಕೊಂಡ ಎಣ್ಣೆ ಬೆರಳ ಸಂದಿಯಿಂದ ಇಳಿದು ಮೊಣಕೈಯತನಕ ಹರಿದು ಟವೆಲ್ಲಿನ ಮೇಲೆ ತೊಟ್ಟಿಕ್ಕುತ್ತಿತ್ತು. ಅವನಿಗೆ ಗೊತ್ತಾಗಲಿಲ್ಲ.

ಮರುದಿನ ಬೆಳಿಗ್ಗೆ ಅಪ್ಪ ಹುನಗುಂದಕ್ಕೆ ಹೋದ. ಇಲ್ಲಿಂದ ಮುಂದೆ ನನ್ನನ್ನು ನಂಬಬೇಡಿ, ಯಾಕೆಂದರೆ ನಾನು ಅಲ್ಲಿರಲಿಲ್ಲ.

ನನ್ನ ನೆನಪಿನ ಪ್ರಕಾರ ಅವನು ದಂಡಿನ ಬೂಟು ಪಾಲೀಶು ಮಾಡಿ ಹಾಕಿಕೊಂಡು, ಇಳಕಲ್ಲಿನಿಂದ ಹುನಗುಂದದತನಕ ನಡೆದೇ ಹೋದ. ಹತ್ತು ಮೈಲಿಯೊಳಗಿನ ದಾರಿ, ಎರಡೂ ಕಡೆ ಎರೆಹೊಲ, ದಾರಿಯ ನಡುವೆ ಅವನೊಬ್ಬ. ಹಿಂದೆ ಯಾರಾದರೂ ಉಳಿದರೇನೋ ಎಂದು ಆಗಾಗ ತಿರುಗಿ ನೋಡುತ್ತಿದ್ದ. ಈ ತಿರುಗಿ ನೋಡುವುದನ್ನು ನಾನೇ ಸೇರಿಸಿದ್ದೆಂದು ಈಗ ಅನ್ನಿಸುತ್ತದೆ.

ತಮ್ಮ ಬೀರೂನ ಪ್ರಕಾರ, ಅಪ್ಪ ಶಾಲೆಯ ಬಾಗಿಲಲ್ಲಿ ಅಟೆನ್ಷನ್ ನಿಂತಾಗ ತಪಾಸಣೆಯ ಸಾಹೇಬರು ಬಂದರೆಂದು ಮಕ್ಕಳೆಲ್ಲ ಎದ್ದು ನಿಂತವು. ಅಪ್ಪ ಬೂಟು ಬಿಚ್ಚಿ, ಹರವಿಯ ನೀರಿನಿಂದ ಕಾಲು ತೋಯಿಸಿಕೊಂಡು, ಶಾಲೆಯ ಪಡಸಾಲೆಯ ತುಂಬ ನಡೆದು, "ನೋಡ್ರಿ ಮಾಸ್ತರ, ನಂದೂ ಹಿಂಗ ಐತಿ" ಎಂದ. ಮಾಸ್ತರರು ಪಕ್ಕದಲ್ಲಿ ತಮ್ಮ ಹೆಜ್ಜೆ ಇಟ್ಟರು. ಎರಡೂ ಒಂದೇ. ಇದು ಬಹಳ ಚಂದದ ಕಥೆ. ಬೀರೂಗೆ ಆಗ ಎಂಟು ವರ್ಷ, ಅವನೂ ಅಲ್ಲಿರಲಿಲ್ಲ.

ಅಲ್ಲಿದ್ದವರು ಇವರೊಬ್ಬರೇ. ಹೌದು, ಅದೇ ಮಾಸ್ತರರು. ಗಂಡನ ಹೆಸರು ಹೇಳಿ ನನಗೆ ರೂಢಿಯಿಲ್ಲ, ಈಗ ಬರೆಯಲೂ ಕೈ ಬರುವುದಿಲ್ಲ. ಇವರ ಸಾಕ್ಷಿ ಮಗ್ಗಿಯಷ್ಟು ಒಣ. "ಬಸ್ಸಿನ್ಯಾಗ ಬಂದಿದ್ರು. ಟಿಕೀಟ ಕೈಯಾಗ ಇತ್ತು. ಹರವ್ಯಾಗ ನೀರ ಇರಲಿಲ್ಲ, ಬ್ಯಾಸಗಿ. 'ಮಾಸ್ತರ, ನಿಮಗಲ್ಲ, ನಿಮ್ಮ ಕಾಲಿಗಿ ಅಂಜಿದೆ' ಅಂದ್ರು. ಚಾ ಕುಡದ್ರು. ಹೋದ್ರು." ಅಷ್ಟೇ. ನಾನು ಅರವತ್ತು ವರ್ಷದಿಂದ ಕೇಳುತ್ತಿದ್ದೇನೆ, ಆ ಮಾತಿಗೆ ಇವರು ಒಂದು ಹನಿ ನೀರೂ ಸೇರಿಸಿಲ್ಲ.

ಆ ವಾರದ ತಪಾಸಣೆ ಮಾತ್ರ ನನ್ನ ಕಣ್ಣಾರೆ ಕಂಡದ್ದು. ಕಂಡದ್ದೆಂದರೆ ಬಾಗಿಲ ಹೊರಗಿನಿಂದ. ಅವ್ವ ತಾನಾಗಿ ಬಂದು ಬಟ್ಟಲು ಎತ್ತಿಕೊಂಡು, "ಒಳಗ ಬರ್ರಿ. ಮೊದಲ ನಿಮ್ಮವು" ಎಂದಳು. ಅಪ್ಪ ಏನೋ ಹೇಳಲು ಹೋದ. "ಕಾಲ ಮುಂದ ಮಾಡ್ರಿ" ಎನ್ನುವುದು ಕೇಳಿಸಿತು. ಮದುವೆಯಾಗಿ ಅಷ್ಟು ವರ್ಷದ ಮೇಲೆ ಅವಳು ಅವನ ಅಂಗಾಲು ಕಂಡದ್ದು ಅಂದೇ ಇರಬೇಕು. ನಮಸ್ಕಾರ ಮಾಡುವವರಿಗೆ ಪಾದದ ಮೇಲ್ಭಾಗ ಮಾತ್ರ ಕಾಣುತ್ತದೆ. ಇಬ್ಬರೂ ಹೊರಗೆ ಬಂದಾಗ ಪರಸಿಯ ಮೇಲೆ ನಾಲ್ಕು ಎಣ್ಣೆಯ ಹೆಜ್ಜೆಗಳು ಬಿದ್ದವು, ಎರಡು ತುಂಬಿದವು, ಎರಡು ಸೊಂಟದವು. ಎಣ್ಣೆ ನೀರಿನ ಹಾಗೆ ಆರುವುದಿಲ್ಲ. ಅವ್ವ ನಾಚಿಕೊಂಡು ಬೂದಿ ಹಾಕಿ ತಿಕ್ಕಿದಳು. ಆದರೂ ನನ್ನ ಮದುವೆಯ ಹಂದರ ಹಾಕುವತನಕ ಅದರ ನೆರಳು ಅಲ್ಲಿಯೇ ಇತ್ತು.

ಹಂದರದಲ್ಲಿ ಮದುಮಗನ ಕಾಲು ತೊಳೆಯಬೇಕಾದವನು ಹೆಣ್ಣಿನ ತಂದೆ. ಅಪ್ಪ ತಾಟಿನ ಮುಂದೆ ಕೂತ. ಬೇರೆಯವರು ಎರಡು ಉದ್ದರಣೆ ನೀರು ಹಾಕಿ ಮುಗಿಸುವುದನ್ನು ಇವನು ಬಲಗಾಲು ಎತ್ತಿ, ತಿರುಗಿಸಿ, ಬೆರಳ ಸಂದಿ ಬಿಡಿಸಿ, ಹಳ್ಳ ಇರಬೇಕಾಗಿದ್ದ ಜಾಗವನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ ಒತ್ತಿ ನೋಡತೊಡಗಿದ. ವಾಲಗದವರು ಬಾರಿಸಿ ಬಾರಿಸಿ ದಣಿದರು. ಇವರು ಒಂಟಿ ಕಾಲಿನ ಮೇಲೆ ತೂಗಾಡುತ್ತ ನಿಂತಿದ್ದರು. ಕೊನೆಗೆ ಸೋ‌ದರಮಾವನೇ ಕೇಳಿದರು.

"ಏನ್ರಿ ಹವಾಲ್ದಾರ್ರ, ಇನ್ನಾ ಪಾಸ ಆಗಿಲ್ಲೇನು ನಮ್ಮ ಹುಡುಗ?"

ಅಪ್ಪ ಇವರ ಹೆಬ್ಬೆರಳನ್ನು ಒಮ್ಮೆ ಹಿಡಿದು ಬಿಟ್ಟ. "ಭರ್ತಿ ಆತ್ರಿ" ಎಂದ. ಹಂದರವೆಲ್ಲ ನಕ್ಕಿತು. ತಲೆ ತಗ್ಗಿಸಿ ಕೂತಿದ್ದ ನನಗೆ ಅಪ್ಪನ ಮುಖ ಕಾಣಲಿಲ್ಲ, ಕಂಡದ್ದು ತಾಟಿನ ನೀರು. ಅದರಲ್ಲಿ ಒಂದೆರಡು ಹನಿ ಮೇಲಿನಿಂದ ಬಿದ್ದು ಸುತ್ತು ಸುತ್ತಾಗಿ ಹರಡಿದವು. ಹಂದರದ ಮಾವಿನ ಎಲೆಯಿಂದ ಬಿದ್ದ ನೀರಿದ್ದರೂ ಇರಬಹುದು.

ಇಷ್ಟೆಲ್ಲ ಬರೆದು ನಿನ್ನೆ ಇವರಿಗೆ ಓದಲು ಕೊಟ್ಟೆ. ಕನ್ನಡಕ ಹಾಕಿಕೊಂಡು, ಹಳೆಯ ಚಾಳಿಯಂತೆ ಕೆಂಪು ಪೆನ್ನು ಹಿಡಿದುಕೊಂಡು ಓದಿದರು. "ಬಸ್ಸಿನ್ಯಾಗ ಬಂದಿದ್ರು ಅಂತ ಬರಿ" ಎಂದರು.

"ಬರದೇನಲ್ರಿ."

"ನಡದ ಬಂದ್ರು ಅಂತೂ ಬರದಿ."

"ಎರಡೂ ಇರಲಿ."

"ಹುಡುಗ ನಾಕ ಸಾಲ ಕೇಳ್ಯಾನ."

ಅದೂ ಖರೆ. ಹುಡುಗನಿಗೆ ಬೇರೆ ಕಾಗದದ ಮೇಲೆ ಬರೆದುಕೊಟ್ಟಿದ್ದೇನೆ: ಹುಟ್ಟಿದ ವರ್ಷ ಅವರಿಗೂ ಗೊತ್ತಿರಲಿಲ್ಲ. ದಂಡಿನಲ್ಲಿ ಆರು ವರ್ಷ ಇದ್ದರು. ನಡೆಯಬಾರದ ಕಾಲಿನಿಂದ ನಡೆದು ಮನೆಗೆ ಬಂದರು. ಬಂದ ಮೇಲೆ ಮನೆಯವರ ಕಾಲು ನೋಡಿಕೊಂಡರು. ಎಣಿಸಿದೆ, ಸರಿಯಾಗಿ ನಾಲ್ಕು ಸಾಲು.

ಇಂದು ರವಿವಾರ. ಬಾಲ್ಕನಿಗೆ ಬಿಸಿಲು ಬಂದಿದೆ. ಸೊಸೆ ಸಂತೆಗೆ ಹೋಗಿದ್ದಾಳೆ. ಇವರು ಮಂಡಿ ಹಿಡಿದುಕೊಂಡು ನಿಧಾನವಾಗಿ ನೆಲಕ್ಕೆ ಕೂತು, ಅಪ್ಪನ ಆ ಖಾಕಿ ಟವೆಲ್ಲಿನ ಉಳಿದ ತುಂಡನ್ನು ನಾಲ್ಕು ಮೂಲೆ ಎಳೆದು ಹಾಸಿದ್ದಾರೆ. ಪಕ್ಕದಲ್ಲಿ ಔಡಲೆಣ್ಣೆಯ ಬಾಟಲಿ. ಹತ್ತು ಮೈಲಿಯ ಪ್ರಶ್ನೆ ಅರವತ್ತು ವರ್ಷದಲ್ಲಿ ಒಮ್ಮೆಯೂ ಬರಲಿಲ್ಲ, ಈ ಸಪಾಟು ಕಾಲುಗಳು ಎಲ್ಲಿಯೂ ಹಿಂದೆ ಉಳಿಯಲಿಲ್ಲ.

"ಕಾಲ ಮುಂದ ಮಾಡು" ಎನ್ನುತ್ತಿದ್ದಾರೆ.

"ಬ್ಯಾಡ್ರಿ, ಪಾಪ ಹತ್ತತೈತಿ" ಎನ್ನುತ್ತೇನೆ. ಮಾತು ಮುಗಿಯುವ ಮೊದಲೇ ಕಾಲು ಮುಂದೆ ಹೋಗಿರುತ್ತದೆ.